ಮನೆಯ ತರಕಾರಿ ಚೀಲ ತುಂಬುವವರಿಗೆ ಒಂದು ಬಹಿರಂಗ ಪತ್ರ

ಸಂತೆ, ಮಾರುಕಟ್ಟೆ, ತಳ್ಳುಗಾಡಿಗಳಿಂದ ಮನೆಗೆ ತರಕಾರಿ ತರುವ ತಾಯಂದಿರೇ, ತಂದೆಯರೇ, ಹಾಸ್ಟೆಲು ಮತ್ತು ಮೆಸ್ಸುಗಳ ಅಡುಗೆಮನೆ ನಡೆಸುವವರೇ,



ಆರೋಗ್ಯವಂತ ವಯಸ್ಕರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಬೇಕು. ತರಕಾರಿಯ ಲೆಕ್ಕದಲ್ಲಿ ಸೊಪ್ಪೂ ಸೇರಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವ ಅಳತೆ ಇದು. ದಿನಕ್ಕೆ 2000 ಕಿಲೋಕ್ಯಾಲೊರಿ ಸಾಕಾಗುವವರ ತಟ್ಟೆಯನ್ನು ಮುಂದಿಟ್ಟುಕೊಂಡು ಮಾಡಿದ ಆ ಲೆಕ್ಕದಲ್ಲಿ ಅಕ್ಕಿ, ರಾಗಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ. ಬೇಳೆಕಾಳು 85 ಗ್ರಾಂ. ಅಂದರೆ ಅಡುಗೆಗೆ ಮುಂಚಿನ ತೂಕದಲ್ಲಿ ಹಣ್ಣು ತರಕಾರಿಗಳು ಧಾನ್ಯದ ಎರಡರಷ್ಟು ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಅಳತೆ ದಿನಕ್ಕೆ ಹಣ್ಣು ತರಕಾರಿ ಸೇರಿ 400 ಗ್ರಾಂ. ಅದು ಆಲೂಗಡ್ಡೆ, ಮರಗೆಣಸಿನಂಥ ಪಿಷ್ಟದ ಗೆಡ್ಡೆಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಈಗ ಮನೆಯ ಚೀಲದ ಲೆಕ್ಕ. ನಾಲ್ವರು ವಯಸ್ಕರಿರುವ ಮನೆಗೆ ದಿನಕ್ಕೆ 1.6 ಕಿಲೋ, ವಾರಕ್ಕೆ 11 ಕಿಲೋ ದಾಟುವಷ್ಟು ತರಕಾರಿ ಸೊಪ್ಪು ಬೇಕು. ಹಣ್ಣು ವಾರಕ್ಕೆ ಮೂರು ಕಿಲೋದ ಹತ್ತಿರ. ಸಿಪ್ಪೆ, ತೊಟ್ಟು, ದಂಟಿನ ಬುಡ ತೆಗೆದ ಮೇಲಿನ ತೂಕ ಇದಾದ್ದರಿಂದ ಕೊಳ್ಳುವಾಗ ಇನ್ನೂ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಎಷ್ಟೋ ಮನೆಗಳಲ್ಲಿ ಒಂದು ಹೊತ್ತಿಗೆ ಅರ್ಧ ಕಿಲೋ ಹುರುಳಿಕಾಯಿ ಪಲ್ಯ ಮಾಡಿದರೆ ಆ ದಿನದ ತರಕಾರಿ ಮುಗಿದಂತೆ. ಅದನ್ನು ನಾಲ್ವರಿಗೆ ಹಂಚಿದರೆ ತಲೆಗೆ 125 ಗ್ರಾಂ ಮಾತ್ರ. ಹುಳಿಯಲ್ಲಿ ತೇಲುವ ನಾಲ್ಕು ಹೋಳು ನುಗ್ಗೆಕಾಯಿ, ಚಿತ್ರಾನ್ನದ ಮೇಲಿನ ಕೊತ್ತಂಬರಿ, ಉಪ್ಪಿಟ್ಟಿನಲ್ಲಿ ಅಲ್ಲಲ್ಲಿ ಕಾಣುವ ಕ್ಯಾರೆಟ್ ಚೂರು, ಇವನ್ನೆಲ್ಲ ಕೂಡಿಸಿದರೂ 400 ಗ್ರಾಮಿನ ಹತ್ತಿರ ಬರುವುದಿಲ್ಲ. ತರಕಾರಿ ಒಳ್ಳೆಯದೆಂದು ಗೊತ್ತಿಲ್ಲದವರು ಈ ನಾಡಿನಲ್ಲಿ ಯಾರೂ ಇಲ್ಲ. ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ, ತೂಕದಲ್ಲಿ. ಈ ಪತ್ರದ ಮುಖ್ಯ ಮಾತು ಇಷ್ಟೇ. ಉಳಿದದ್ದು ಅದಕ್ಕೆ ಕಾರಣ ಮತ್ತು ದಾರಿ.

ಮೊದಲ ಕಾರಣ ರಕ್ತದೊತ್ತಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 31 ಕೋಟಿ ಜನರಿಗೆ ಏರು ರಕ್ತದೊತ್ತಡವಿದೆ, 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ರಕ್ತದೊತ್ತಡ ಎಂದ ಕೂಡಲೇ ಉಪ್ಪು ಕಡಿಮೆ ಮಾಡಿ ಎಂಬ ಮಾತು ಬರುತ್ತದೆ, ಅದು ಸರಿಯೇ. ಆದರೆ ಉಪ್ಪಿನ ಸೋಡಿಯಮ್ಮಿಗೆ ಎದುರು ನಿಲ್ಲುವ ಪೊಟ್ಯಾಸಿಯಮ್ ಕುರಿತು ಅಷ್ಟು ಮಾತು ಕೇಳಿಬರುವುದಿಲ್ಲ. ಊಟದಲ್ಲಿ ಪೊಟ್ಯಾಸಿಯಮ್ ಸಾಕಷ್ಟಿದ್ದಾಗ ಮೂತ್ರಪಿಂಡಗಳು ಹೆಚ್ಚು ಸೋಡಿಯಮ್ಮನ್ನು ಹೊರಗೆ ಹಾಕುತ್ತವೆ, ರಕ್ತನಾಳಗಳ ಗೋಡೆಯ ಬಿಗಿ ಸಡಿಲವಾಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಮ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ತೀರಾ ಕಡಿಮೆ. ಸೊಪ್ಪು, ಬಾಳೆಹಣ್ಣು, ಎಳನೀರು, ಕುಂಬಳ, ಹಾಗಲ, ಕಾಳುಗಳಲ್ಲಿ ಧಾರಾಳವಾಗಿದೆ.

ಇದು ಬರೀ ಪುಸ್ತಕದ ಲೆಕ್ಕವಲ್ಲ. ಅಮೆರಿಕದಲ್ಲಿ 459 ವಯಸ್ಕರಿಗೆ ಎಂಟು ವಾರ ಊಟ ಕೊಟ್ಟು ನಡೆಸಿ, 1997ರಲ್ಲಿ ಪ್ರಕಟಿಸಿದ ‘ಡ್ಯಾಶ್’ ಪ್ರಯೋಗದಲ್ಲಿ ಎಲ್ಲರ ಊಟದ ಉಪ್ಪನ್ನೂ ದೇಹತೂಕವನ್ನೂ ಬದಲಾಗದಂತೆ ನೋಡಿಕೊಂಡಿದ್ದರು. ಬರೀ ಹಣ್ಣು ತರಕಾರಿ ಹೆಚ್ಚಿಸಿದ ಗುಂಪಿನಲ್ಲಿ ಮೇಲಿನ ಒತ್ತಡ ಮಾಮೂಲಿ ಊಟದವರಿಗಿಂತ 2.8 ಅಂಕಿಯಷ್ಟು ಇಳಿಯಿತು. ಹಣ್ಣು ತರಕಾರಿಯ ಜೊತೆ ಕೆನೆ ತೆಗೆದ ಹಾಲಿನ ಪದಾರ್ಥ ಸೇರಿಸಿ, ಜಿಡ್ಡು ಕಡಿಮೆ ಮಾಡಿದ ಗುಂಪಿನಲ್ಲಿ 5.5 ಇಳಿಯಿತು, ಮೊದಲೇ ಏರು ಒತ್ತಡವಿದ್ದವರಲ್ಲಿ ಇಳಿಕೆ 11.4. ಒಂದು ಮಾತ್ರೆ ಮಾಡುವ ಕೆಲಸಕ್ಕೆ ಇದು ಸಮ. ಹಾಗೆಂದು ವೈದ್ಯರು ಬರೆದ ಮಾತ್ರೆಯನ್ನು ತಾವೇ ನಿಲ್ಲಿಸುವುದಕ್ಕೆ ಇದು ಕಾರಣವಾಗಕೂಡದು.

ಎರಡನೆಯ ಕಾರಣ ನಾರು. ಜೀರ್ಣರಸಗಳು ಒಡೆಯಲಾರದ ಈ ಅಂಶ ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಹಾಗೇ ಹೋಗುತ್ತದೆ. ಬೆಂಡೆ, ಹುರುಳಿಕಾಯಿ, ಸೀಬೆ, ಕಿತ್ತಳೆಗಳಲ್ಲಿರುವ ಲೋಳೆ ಬಗೆಯ ನಾರು ಹೊಟ್ಟೆಯಲ್ಲಿ ಅಂಟಂಟಾಗಿ, ಅನ್ನದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೊಯ್ಯುವುದರಿಂದ ಕೊಲೆಸ್ಟರಾಲೂ ಇಳಿಯುತ್ತದೆ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನ ಆಮ್ಲವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಮಲಬದ್ಧತೆ, ಮೂಲವ್ಯಾಧಿಯ ಕಿರಿಕಿರಿ ತಗ್ಗುವುದು ಜನರಿಗೆ ತಕ್ಷಣ ಕಾಣುವ ಲಾಭ. ಕಾಣದ ಲಾಭ ಇನ್ನೂ ದೊಡ್ಡದು. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ನೂರು ಗ್ರಾಂ ಸೀಬೆಹಣ್ಣಿನಲ್ಲೇ ಐದು ಗ್ರಾಮಿಗಿಂತ ಹೆಚ್ಚಿದೆ. ಹೊಟ್ಟೆ ತುಂಬಿದಂತಾಗಿಯೂ ಶಕ್ತಿಯ ಲೆಕ್ಕ ಏರದಿರುವುದು ಇದರ ಇನ್ನೊಂದು ಗುಣ: ನೂರು ಗ್ರಾಂ ಅನ್ನದಲ್ಲಿ 130 ಕಿಲೋಕ್ಯಾಲೊರಿಯಷ್ಟಿದ್ದರೆ, ಅಷ್ಟೇ ಸೌತೆಕಾಯಿಯಲ್ಲಿ 15ರ ಆಸುಪಾಸು. ತೂಕ ಇಳಿಸಬೇಕೆನ್ನುವವರು ಅರೆಹೊಟ್ಟೆ ಉಣ್ಣಬೇಕಿಲ್ಲ, ತಟ್ಟೆಯಲ್ಲಿ ಅನ್ನದ ಜಾಗವನ್ನು ತರಕಾರಿಗೆ ಬಿಟ್ಟುಕೊಡಬೇಕು.

ಮೂರನೆಯದು ರಕ್ತಹೀನತೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಮನೆಮನೆಯಲ್ಲೂ ಇದು ಇದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67ಕ್ಕೆ ರಕ್ತಹೀನತೆಯಿದೆ. ಕರ್ನಾಟಕದ ಹೆಂಗಸರಲ್ಲೂ ಇದು ಸುಮಾರು ಅರ್ಧದಷ್ಟು. ಮೆಟ್ಟಿಲು ಹತ್ತುವಾಗಿನ ಏದುಸಿರು, ಮಧ್ಯಾಹ್ನದ ಸುಸ್ತು, ಓದಿನಲ್ಲಿ ಮನಸ್ಸು ನಿಲ್ಲದ ಮಗಳು, ಇವನ್ನೆಲ್ಲ ಸೋಮಾರಿತನವೆಂದು ಬೈಯುವ ಮನೆಗಳು ಬಹಳ. ಕಬ್ಬಿಣದ ಕೊರತೆ ಇದರ ದೊಡ್ಡ ಕಾರಣಗಳಲ್ಲೊಂದು.

ಸೊಪ್ಪಿನಲ್ಲಿ ಕಬ್ಬಿಣವಿದೆ ಎಂಬ ಮಾತು ಹಳೆಯದು, ಆದರೆ ಅರ್ಧ ಮಾತ್ರ ನಿಜ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣವನ್ನು ಕರುಳು ಮಾಂಸದಲ್ಲಿನ ಕಬ್ಬಿಣದಷ್ಟು ಸುಲಭವಾಗಿ ಹೀರುವುದಿಲ್ಲ. ಧಾನ್ಯ ಕಾಳುಗಳ ಫೈಟೇಟ್, ಚಹಾ ಕಾಫಿಯ ಟ್ಯಾನಿನ್ ಮುಂತಾದವು ಅದನ್ನು ಇನ್ನಷ್ಟು ತಡೆಯುತ್ತವೆ. ಈ ತಡೆಯನ್ನು ಮೀರಿಸುವ ಕೆಲಸ ಸಿ ಜೀವಸತ್ವದ್ದು. ಅದು ಕಬ್ಬಿಣವನ್ನು ಕರುಳು ಹೀರಬಲ್ಲ ರೂಪಕ್ಕೆ ತರುತ್ತದೆ, ಅದೂ ಒಂದೇ ಊಟದಲ್ಲಿ ಎರಡೂ ಇದ್ದಾಗ ಮಾತ್ರ. ಹೈದರಾಬಾದಿನ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹದಿಹರೆಯದವರಿಗೆ ಅನ್ನದ ಊಟದ ಜೊತೆ ಸೀಬೆಹಣ್ಣು ಕೊಟ್ಟು ಅಳೆದು ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಣ್ಣು ಸೇರಿದ ಊಟದಿಂದ ದೇಹ ಹೀರಿದ ಕಬ್ಬಿಣ ಎರಡು ಪಟ್ಟಿನಷ್ಟಾಯಿತು. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವವಿದೆ, ಕಿತ್ತಳೆಯ ಹಲವು ಪಟ್ಟು. ಬೆಟ್ಟದ ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಹಾಗಾಗಿ ನುಗ್ಗೆಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆ, ಮುದ್ದೆಯೂಟದ ಕೊನೆಗೆ ತಿಂದ ಅರ್ಧ ಸೀಬೆ ಬರೀ ರುಚಿಯ ಮಾತಲ್ಲ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದರೆ ಅದೂ ಲಾಭವೇ. ಈಗಾಗಲೇ ರಕ್ತಹೀನತೆ ಇರುವವರಿಗೆ ಊಟವೊಂದೇ ಸಾಲದು. ಆಶಾ ಕಾರ್ಯಕರ್ತೆಯೋ ವೈದ್ಯರೋ ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪಿಸಬಾರದು.

ಸೊಪ್ಪು ಮತ್ತು ಕೇಸರಿ ಬಣ್ಣದ ಹಣ್ಣು ತರಕಾರಿಗಳಿಂದ ಸಿಗುವ ಬೀಟಾ ಕ್ಯಾರೋಟಿನ್ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಪಪ್ಪಾಯಿ, ಮಾವು, ಕುಂಬಳ, ಕ್ಯಾರೆಟ್ಟುಗಳಲ್ಲಿ ಬಣ್ಣವೇ ಅದರ ಗುರುತು. ಸೊಪ್ಪಿನಲ್ಲಿ ಹಸಿರು ಅದನ್ನು ಮರೆಮಾಡಿರುತ್ತದೆ. ಇದು ಎಣ್ಣೆಯಲ್ಲಿ ಕರಗುವ ಅಂಶವಾದ್ದರಿಂದ ಒಂದು ಚಮಚ ಎಣ್ಣೆಯ ಒಗ್ಗರಣೆಯೋ ಸ್ವಲ್ಪ ತೆಂಗಿನತುರಿಯೋ ಜೊತೆಗಿದ್ದರೆ ಮೈಗೆ ಹತ್ತುತ್ತದೆ. ಸೊಪ್ಪಿನಲ್ಲಿ ಫೋಲೇಟ್ ಕೂಡ ಇದೆ. ಗರ್ಭದಲ್ಲಿ ಮಗುವಿನ ಮಿದುಳು–ಬೆನ್ನುಹುರಿಯ ನಾಳ ಸುಮಾರು 28ನೇ ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದೇ ತಿಳಿದಿರುವುದಿಲ್ಲ. ಆದ್ದರಿಂದ ಮದುವೆಯಾದ ಹೆಣ್ಣುಮಗಳ ತಟ್ಟೆಗೆ ಸೊಪ್ಪು ಬೀಳಬೇಕಾದದ್ದು ಸೀಮಂತದ ಹೊತ್ತಿಗಲ್ಲ, ಬಹಳ ಮುಂಚೆ. ವೈದ್ಯರು ಹೇಳುವ ಫೋಲಿಕ್ ಆಮ್ಲದ ಮಾತ್ರೆಯೂ ಬೇಕು.

ಹಣ್ಣು ತರಕಾರಿ ಹೆಚ್ಚು ತಿನ್ನುವವರು ಹೆಚ್ಚು ಕಾಲ ಬದುಕುತ್ತಾರೆಯೇ ಎಂಬುದನ್ನೂ ದೊಡ್ಡ ಅಧ್ಯಯನಗಳು ಕೇಳಿವೆ. 18 ದೇಶಗಳ 1,35,335 ಜನರನ್ನು ವರ್ಷಗಟ್ಟಲೆ ಗಮನಿಸಿದ ‘ಪ್ಯೂರ್’ ಅಧ್ಯಯನದಲ್ಲಿ ಭಾರತವೂ ಸೇರಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಅದರ ಇಲ್ಲಿನ ಕೇಂದ್ರಗಳಲ್ಲೊಂದು. 2017ರಲ್ಲಿ ಬಂದ ಅದರ ವರದಿಯಂತೆ ದಿನಕ್ಕೆ 375ರಿಂದ 500 ಗ್ರಾಂ ಹಣ್ಣು, ತರಕಾರಿ, ಕಾಳು ತಿನ್ನುವವರಲ್ಲಿ ಸಾವಿನ ಪ್ರಮಾಣ ತೀರಾ ಕಡಿಮೆ ತಿನ್ನುವವರಿಗಿಂತ ಕೆಳಗಿತ್ತು. ಬೇಯಿಸಿದ್ದಕ್ಕಿಂತ ಹಸಿ ತರಕಾರಿಯ ಸಂಬಂಧ ಗಟ್ಟಿಯಾಗಿ ಕಂಡಿತು. ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರ ದೀರ್ಘ ಅಧ್ಯಯನಗಳನ್ನು ಆಧರಿಸಿದ 2021ರ ವರದಿಯಲ್ಲಿ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ತಿನ್ನುವವರಲ್ಲಿ ಸಾವಿನ ಅಪಾಯ ದಿನಕ್ಕೆ ಒಟ್ಟು ಎರಡೇ ಪಾಲು ತಿನ್ನುವವರಿಗಿಂತ ನೂರಕ್ಕೆ 13ರಷ್ಟು ಕಡಿಮೆಯಿತ್ತು. ಆಲೂಗಡ್ಡೆ, ಮೆಕ್ಕೆಜೋಳ, ಹಣ್ಣಿನ ಜ್ಯೂಸುಗಳಿಂದ ಆ ಲಾಭ ಕಾಣಲಿಲ್ಲ. ಇವೆಲ್ಲ ಜನರ ಬದುಕನ್ನು ದೂರದಿಂದ ಗಮನಿಸಿ ಮಾಡಿದ ಅಧ್ಯಯನಗಳು. ತರಕಾರಿ ಹೆಚ್ಚು ತಿನ್ನುವವರು ಬೀಡಿ ಸಿಗರೇಟು ಕಡಿಮೆ ಸೇದಬಹುದು, ಹೆಚ್ಚು ನಡೆಯಬಹುದು. ಅದನ್ನೆಲ್ಲ ಲೆಕ್ಕದಿಂದ ಕಳೆದರೂ ಸ್ವಲ್ಪ ಅನುಮಾನ ಉಳಿಯುತ್ತದೆ. ಹೃದಯ ಮತ್ತು ರಕ್ತನಾಳದ ವಿಷಯದಲ್ಲಿ ಪ್ರಯೋಗವೂ ಗಮನಿಕೆಯೂ ಒಂದೇ ಕಡೆ ಬೆರಳು ತೋರುವುದರಿಂದ ಅಲ್ಲಿ ನಂಬಿಕೆ ಹೆಚ್ಚು. ಕ್ಯಾನ್ಸರಿನ ವಿಷಯ ಹಾಗಿಲ್ಲ. ಯುರೋಪಿನ ಹತ್ತು ದೇಶಗಳ ದೊಡ್ಡ ಅಧ್ಯಯನ 2010ರಲ್ಲಿ ಕಂಡ ಲಾಭ ಬಹಳ ಚಿಕ್ಕದು. ತರಕಾರಿ ತಿಂದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ, ಬಂದ ಕ್ಯಾನ್ಸರು ಜ್ಯೂಸಿನಿಂದ ವಾಸಿಯಾಗುತ್ತದೆ ಎನ್ನುವವರನ್ನಂತೂ ಹತ್ತಿರ ಬಿಟ್ಟುಕೊಳ್ಳಲೇಬಾರದು.

ಹಣ್ಣಿನ ಸಾರವನ್ನು ಮಾತ್ರೆಯಲ್ಲಿ ನುಂಗಿದರೆ ಆಗದೇ ಎಂಬ ಪ್ರಶ್ನೆಗೆ ಫಿನ್ಲೆಂಡಿನ ಪ್ರಯೋಗ ಉತ್ತರ ಕೊಟ್ಟಿದೆ. ಅಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಮಾತ್ರೆ ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ನೂರಕ್ಕೆ 18ರಷ್ಟು ಹೆಚ್ಚಾಯಿತು. 1994ರಲ್ಲಿ ಈ ಫಲಿತಾಂಶ ಹೊರಬಂತು. ಎರಡು ವರ್ಷದ ನಂತರ ಅಮೆರಿಕದಲ್ಲಿ ಅಂಥದ್ದೇ ಇನ್ನೊಂದು ಪ್ರಯೋಗವನ್ನು ಅದೇ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಣ್ಣಿನಲ್ಲಿ ನಾರು, ಪೊಟ್ಯಾಸಿಯಮ್, ನೂರಾರು ಬಣ್ಣದ ಮತ್ತು ಒಗರಿನ ಅಂಶಗಳು ಒಟ್ಟಿಗಿರುತ್ತವೆ. ಅದರಲ್ಲೊಂದನ್ನು ಹೆಕ್ಕಿ ಹತ್ತಾರು ಪಟ್ಟು ಹೆಚ್ಚಿಸಿ ನುಂಗಿದರೆ ಅದು ಹಣ್ಣು ತಿಂದಂತಾಗುವುದಿಲ್ಲ. ಕೊರತೆ ಇರುವವರಿಗೆ ವೈದ್ಯರು ಕೊಡುವ ಮಾತ್ರೆಯ ವಿಷಯ ಬೇರೆ.

ಜ್ಯೂಸಿನ ಕಥೆಯೂ ಹೆಚ್ಚು ಕಡಿಮೆ ಇದೇ. ಮೂರು ನಾಲ್ಕು ಕಿತ್ತಳೆಯ ಸಕ್ಕರೆ ಒಂದೇ ಲೋಟಕ್ಕೆ ಇಳಿಯುತ್ತದೆ, ನಾರು ಸೋಸುವ ಜಾಲರಿಯಲ್ಲಿ ಉಳಿಯುತ್ತದೆ. ಇಡೀ ಹಣ್ಣು, ಅದರಲ್ಲೂ ದ್ರಾಕ್ಷಿ, ಸೇಬು, ಬ್ಲೂಬೆರಿ ತಿನ್ನುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆಯೆಂದೂ ಜ್ಯೂಸು ಹೆಚ್ಚು ಕುಡಿಯುವವರಲ್ಲಿ ಹೆಚ್ಚೆಂದೂ 2013ರ ಅಧ್ಯಯನವೊಂದು ಕಂಡಿತು. ಸಕ್ಕರೆ ಕಾಯಿಲೆ ಇರುವವರು ಹಣ್ಣನ್ನೇ ಬಿಡಬೇಕೆಂಬ ನಂಬಿಕೆ ಕರ್ನಾಟಕದ ಮನೆಗಳಲ್ಲಿ ಬಲವಾಗಿದೆ, ಅದೇ ಮನೆಯಲ್ಲಿ ಮೂರು ಹೊತ್ತು ಅನ್ನಕ್ಕೆ ಮಾತ್ರ ತಡೆಯಿರುವುದಿಲ್ಲ. ಹಣ್ಣಿನ ಮೇಲಿನ ಈ ಕಟ್ಟುನಿಟ್ಟು ತಪ್ಪು ಕಡೆ ಬಿದ್ದಿದೆ. ಅವರು ಒಂದು ಸೀಬೆ, ಒಂದು ಹಿಡಿ ನೇರಳೆ, ಒಂದು ಹೋಳು ಪಪ್ಪಾಯಿ, ಒಂದು ಕಿತ್ತಳೆ, ಹೀಗೆ ಸಲಕ್ಕೆ ಒಂದೇ ಪಾಲನ್ನು ಊಟಗಳ ನಡುವೆ ತಿನ್ನಬಹುದು. ಮಾವು, ಹಲಸು, ಬಾಳೆ, ಸಪೋಟಗಳಲ್ಲಿ ಪಾಲು ಇನ್ನೂ ಚಿಕ್ಕದಿರಬೇಕು, ಆ ಹೊತ್ತಿನ ಅನ್ನವನ್ನು ಅಷ್ಟು ತಗ್ಗಿಸಬೇಕು.

ಇನ್ನು ಅಡುಗೆ. ಕನ್ನಡದ ಅಡುಗೆಮನೆ ಹೊರಗಿನಿಂದ ಸಲಾಡು ತರಬೇಕಾಗಿಲ್ಲ; ಇಲ್ಲಿರುವುದನ್ನು ಹೆಚ್ಚು ಮಾಡಿದರೆ ಸಾಕು. ಬಸ್ಸಾರನ್ನು ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಿಂದಲೇ ಸಾರು, ಬಸಿದುಳಿದದ್ದರಿಂದ ಪಲ್ಯ. ನೀರಿನಲ್ಲಿ ಕರಗುವ ಫೋಲೇಟ್, ಪೊಟ್ಯಾಸಿಯಮ್ ಆ ಕಟ್ಟಿನಲ್ಲೇ ಇರುತ್ತವೆ. ಪೋಷಣಾ ವಿಜ್ಞಾನ ಹುಟ್ಟುವ ಮುಂಚೆಯೇ ಹಳೆ ಮೈಸೂರಿನ ಹೆಂಗಸರು ಕಂಡುಕೊಂಡ ಈ ಪದ್ಧತಿಗೆ ಸರಿಸಾಟಿಯಾದದ್ದನ್ನು ಹುಡುಕುವುದು ಕಷ್ಟ. ಮಸೊಪ್ಪಿನಲ್ಲಿ ಬೆರಕೆ ಸೊಪ್ಪು ಧಾರಾಳ. ಮಲೆನಾಡು, ಕರಾವಳಿಯ ಒಂದೆಲಗ, ದೊಡ್ಡಪತ್ರೆಯ ತಂಬುಳಿ, ಬಸಳೆಯ ಹುಳಿ, ಮಟ್ಟುಗುಳ್ಳದ ಸಾಂಬಾರು. ಉತ್ತರ ಕರ್ನಾಟಕದ ಪುಂಡಿಪಲ್ಯ, ರೊಟ್ಟಿಯ ಜೊತೆ ಹಸಿಯಾಗೇ ಕಡಿಯುವ ಮೂಲಂಗಿ, ಮೆಂತ್ಯ, ಈರುಳ್ಳಿ ತಪ್ಪಲು. ಬೀದರ್–ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಹತ್ತಾರು ಸೊಪ್ಪು ಕಾಳು ಕೂಡಿಸಿ ಮಾಡುವ ಭಜ್ಜಿ. ಹಸಿ ತರಕಾರಿಯ ಬಗ್ಗೆ ‘ಪ್ಯೂರ್’ ಅಧ್ಯಯನ ಹೇಳಿದ ಮಾತಿಗೆ ಕೋಸಂಬರಿಯೇ ಉತ್ತರ. ರಾಮನವಮಿಗೆ, ಮದುವೆಯೂಟದ ಎಲೆಯ ತುದಿಗೆ ಒಂದು ಚಮಚ ಬಡಿಸಿ ಮುಗಿಸುವ ಕೋಸಂಬರಿ ದಿನವೂ ಒಂದು ಬಟ್ಟಲು ತುಂಬ ಸಿಗುವಂತಾಗಬೇಕು.

ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಬೇಕು; ಹೆಚ್ಚಿ ತೊಳೆದರೆ ಸಿ ಜೀವಸತ್ವ ನೀರಿನ ಜೊತೆ ಹೋಗುತ್ತದೆ. ದೊಡ್ಡ ಹೋಳು, ಸ್ವಲ್ಪ ನೀರು, ಮುಚ್ಚಳ, ಕಡಿಮೆ ಹೊತ್ತು. ಬಣ್ಣ ಕೆಡದಿರಲೆಂದು ಸೋಡಾ ಹಾಕಬಾರದು. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಕರಿದ ಬಜ್ಜಿಯನ್ನೂ ಗೋಬಿ ಮಂಚೂರಿಯನ್ನೂ ತರಕಾರಿಯ ಲೆಕ್ಕಕ್ಕೆ ಹಿಡಿಯಬಾರದು. ಕೀಟನಾಶಕದ ಭಯ ನ್ಯಾಯವಾದದ್ದೇ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದು, ಎಲೆಕೋಸಿನ ಹೊರ ಎಲೆ ಕಿತ್ತುಹಾಕುವುದು, ಒಂದೇ ತರಕಾರಿಗೆ ಅಂಟಿಕೊಳ್ಳದೆ ಬದಲಾಯಿಸುತ್ತಿರುವುದು, ಇವು ಅದನ್ನು ತಗ್ಗಿಸುತ್ತವೆ. ಆ ಭಯಕ್ಕೆ ತರಕಾರಿ ತಿನ್ನುವುದನ್ನೇ ಕಡಿಮೆ ಮಾಡಿದರೆ ನಷ್ಟವೇ ದೊಡ್ಡದು. ಮಾವು ಬಾಳೆಗಳನ್ನು ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಅಂಥದ್ದು ಕಂಡರೆ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡುವುದು ಎಲ್ಲರ ಹಕ್ಕು.

ಬೆಲೆಯ ಮಾತು ಬಿಟ್ಟು ಈ ವಿಷಯ ಆಡಿದರೆ ಅದು ಅನ್ಯಾಯ. ‘ಪ್ಯೂರ್’ ತಂಡವೇ 2016ರಲ್ಲಿ ಲೆಕ್ಕ ಹಾಕಿದಂತೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಜಿಂಬಾಬ್ವೆಯಂಥ ಕಡಿಮೆ ಆದಾಯದ ದೇಶಗಳಲ್ಲಿ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ಒಬ್ಬರಿಗೆ ಕೊಳ್ಳಲು ಮನೆಯ ಆದಾಯದಲ್ಲಿ ಒಬ್ಬರ ಪಾಲಿಗೆ ಬರುವುದರ ಅರ್ಧಕ್ಕೂ ಹೆಚ್ಚು ಬೇಕಾಗುತ್ತಿತ್ತು. ಕೂಲಿ ಮಾಡಿ ಬದುಕುವ ಮನೆಗೆ ದಿನಕ್ಕೆ 1.6 ಕಿಲೋ ತರಕಾರಿ ಎಂದರೆ ಅದು ದೊಡ್ಡ ಮಾತು. ಅಂಥವರಿಗೆ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಪಡಿತರದಲ್ಲಿ ಅಕ್ಕಿ ಬಂದಷ್ಟು ಸುಲಭವಾಗಿ ತರಕಾರಿ ಬರುವುದಿಲ್ಲ ಎಂಬುದು ಆಡಳಿತ ನಡೆಸುವವರು ಯೋಚಿಸಬೇಕಾದ ಸಂಗತಿ. ಆದರೆ ಮೊಬೈಲಿಗೆ, ಬೇಕರಿಗೆ, ವಾರದ ಹೋಟೆಲಿಗೆ ಹಣವಿದ್ದು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವ ಮನೆಗಳಿಗೆ ಬೆಲೆ ಕಾರಣವಲ್ಲ.

ಕಡಿಮೆ ಹಣದಲ್ಲಿ ಹೆಚ್ಚು ಸಿಗುವ ದಾರಿ ಹೊರದೇಶದ ಕಿವಿ ಹಣ್ಣಿನಲ್ಲೂ ಮೇಣ ಬಳಿದ ಸೇಬಿನಲ್ಲೂ ಇಲ್ಲ. ಸಿ ಜೀವಸತ್ವದಲ್ಲಿ ಸೇಬು ಸೀಬೆಯ ಹತ್ತಿರವೂ ಬರುವುದಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಮುಂದಿದೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಸೇಬನ್ನೇ ಒಯ್ಯುವ ರೂಢಿ ಬದಲಾದರೆ ಒಳ್ಳೆಯದು. ಆಯಾ ಕಾಲದ ಹಣ್ಣು, ಅಂದರೆ ಬೇಸಿಗೆಗೆ ಮಾವು, ಕಲ್ಲಂಗಡಿ, ಮಳೆಗಾಲದ ಹೊಸ್ತಿಲಲ್ಲಿ ನೇರಳೆ, ಆಮೇಲೆ ಸೀತಾಫಲ, ಚಳಿಗೆ ಬೋರೆ, ಬೆಟ್ಟದ ನೆಲ್ಲಿ, ಮತ್ತು ವರ್ಷವಿಡೀ ಬಾಳೆ, ಪಪ್ಪಾಯಿ, ಇವು ಅಗ್ಗವೂ ಹೌದು, ತಾಜಾವೂ ಹೌದು. ನಂಜನಗೂಡಿನ ರಸಬಾಳೆ, ದೇವನಹಳ್ಳಿಯ ಚಕ್ಕೋತ, ಕೊಡಗಿನ ಕಿತ್ತಳೆ, ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ನಾಡಿನ ಹಣ್ಣುಗಳು. ಕೊಳ್ಳುವವರಿದ್ದರೆ ಮಾತ್ರ ಅವು ತೋಟದಲ್ಲಿ ಉಳಿಯುತ್ತವೆ. ಬೆಂಗಳೂರು ಸುತ್ತಿನಲ್ಲಿ ಹಾಪ್‌ಕಾಮ್ಸ್ ಮಳಿಗೆಗಳು ರೈತರಿಂದ ನೇರ ಕೊಂಡು ಮಾರುತ್ತವೆ. ಹಿತ್ತಲಿದ್ದವರಿಗೆ ಒಂದು ನುಗ್ಗೆ ಮರ, ಒಂದು ಪಪ್ಪಾಯಿ ಗಿಡ, ಚಪ್ಪರಕ್ಕೆ ಹಬ್ಬಿಸಿದ ಬಸಳೆ ವರ್ಷದ ಬಹುಪಾಲು ಸೊಪ್ಪು ಹಣ್ಣು ಕೊಡಬಲ್ಲವು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಯ ದಂಟು, ಪಪ್ಪಾಯಿ, ಸೀಬೆಗಳು ಮನೆ ತೋಟಕ್ಕೂ ಹೊಂದುತ್ತವೆ.

ಎಲ್ಲರಿಗೂ ಒಂದೇ ಅಳತೆ ಹೊಂದುವುದಿಲ್ಲ. ಮೂತ್ರಪಿಂಡದ ಕಾಯಿಲೆ ಮುಂದುವರಿದವರಲ್ಲಿ ಪೊಟ್ಯಾಸಿಯಮ್ ರಕ್ತದಲ್ಲಿ ಉಳಿದು ಹೃದಯಕ್ಕೆ ಅಪಾಯವಾಗಬಹುದು. ಅವರು ಎಳನೀರು, ಬಾಳೆ, ಸೊಪ್ಪುಗಳ ವಿಷಯದಲ್ಲಿ ವೈದ್ಯರು ಹಾಕಿದ ಗೆರೆ ದಾಟಬಾರದು. ರಕ್ತ ತೆಳುವಾಗಲೆಂದು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಅದರಲ್ಲಿರುವ ಕೆ ಜೀವಸತ್ವ ಔಷಧಿಯ ಬಲ ಕುಗ್ಗಿಸುವುದರಿಂದ ದಿನದಿನದ ಪ್ರಮಾಣ ಏರುಪೇರಾಗದಂತೆ ನೋಡಿಕೊಳ್ಳಬೇಕು. ಆಕ್ಸಲೇಟಿನ ಕಲ್ಲಾಗುವವರಿಗೆ ಪಾಲಕ್ ಮಿತವಾಗಿರಬೇಕು. ನಾರಿನ ರೂಢಿಯಿಲ್ಲದವರು ಒಂದೇ ದಿನ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ನೀರನ್ನೂ ಹೆಚ್ಚಿಸಿದರೆ ತೊಂದರೆಯಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಸಂಗತಿ ಮುಖ್ಯ. ಸರ್ಕಾರಿ ಶಾಲೆಯ ಬಿಸಿಯೂಟದ ನಿಯಮದಂತೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಸಿಗಬೇಕು. ಉಳಿದದ್ದೆಲ್ಲ ಮನೆಯಿಂದಲೇ ಬರಬೇಕಾದದ್ದು. ಮಗು ಹಾಗಲಕಾಯಿಯನ್ನೋ ಬದನೆಯನ್ನೋ ಒಮ್ಮೆ ಉಗುಳಿದರೆ ಅದಕ್ಕೆ ಅದು ಸೇರುವುದಿಲ್ಲ ಎಂದು ತೀರ್ಮಾನಿಸುವವರು ಬಹಳ. ಹೊಸ ರುಚಿ ನಾಲಗೆಗೆ ಒಗ್ಗಲು ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಅದನ್ನು ಸ್ವಲ್ಪ ಸ್ವಲ್ಪವೇ ಮುಂದಿಡಬೇಕಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಗದರಿಸಿ ತಿನ್ನಿಸುವುದೂ, ಪಲ್ಯ ತಿಂದರೆ ಚಾಕೊಲೇಟು ಎನ್ನುವುದೂ ಕೆಲಸ ಕೆಡಿಸುತ್ತವೆ. ಅಪ್ಪ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುವ ಮನೆಯಲ್ಲಿ ಮಗನಿಗೆ ಪಾಠ ಹೇಳಿ ಪ್ರಯೋಜನವಿಲ್ಲ. ಕೊನೆಗೆ ಉಳಿದದ್ದನ್ನು ಉಣ್ಣುವ ಮನೆಯ ಹೆಂಗಸಿನ ಪಾಲಿಗೆ ಪಲ್ಯದ ಪಾತ್ರೆ ಎಷ್ಟೋ ಸಲ ಖಾಲಿಯಾಗಿರುತ್ತದೆ. ರಕ್ತಹೀನತೆಯ ಅಂಕಿಗಳ ಜೊತೆ ಇದನ್ನೂ ಇಟ್ಟು ನೋಡಬೇಕು.

ಈ ಕಾರಣಗಳಿಗಾಗಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಈ ವಾರ ಮನೆಗೆ ತಂದ ತರಕಾರಿ, ಸೊಪ್ಪು, ಹಣ್ಣನ್ನು ಒಮ್ಮೆ ತೂಗಿ, ಮನೆಯ ಜನರಿಗೆ ಹಂಚಿ ಲೆಕ್ಕ ನೋಡಬೇಕು. 11 ಕಿಲೋದ ಎದುರು ನಾಲ್ಕೈದು ಕಿಲೋ ಬಂದರೆ ಎದೆಗುಂದದೆ ಮುಂದಿನ ವಾರಕ್ಕೆ ಒಂದು ಕಿಲೋ ಏರಿಸಬೇಕು. ದಿನಕ್ಕೊಂದು ಹೊತ್ತು ಸೊಪ್ಪು, ದಿನಕ್ಕೊಂದು ಬಟ್ಟಲು ಹಸಿ ತರಕಾರಿ, ತಲೆಗೊಂದು ಹಣ್ಣು ಎಂಬ ಕ್ರಮ ಮನೆಯಲ್ಲಿ ನೆಲೆಯಾಗಬೇಕು. ಮೆಸ್ಸು, ಹಾಸ್ಟೆಲುಗಳನ್ನು ನಡೆಸುವವರು ವಾರದ ಪಟ್ಟಿಯಲ್ಲಿ ಆಲೂಗಡ್ಡೆಯ ದಿನಗಳನ್ನು ಕಡಿಮೆ ಮಾಡಿ ಆ ಜಾಗಕ್ಕೆ ಸೊಪ್ಪು ತರಬೇಕು. ಹುಡುಗರು ತಿನ್ನುವುದಿಲ್ಲ ಎಂಬ ನೆಪಕ್ಕೆ ಮೊದಲು ರುಚಿಯಾಗಿ ಮಾಡಿ ನೋಡಬೇಕು. ಬಡಿಸುವಾಗ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಬೇಕು. ಇಷ್ಟನ್ನು ದಯವಿಟ್ಟು ಈ ವಾರದ ಸಂತೆಯಿಂದಲೇ ಶುರುಮಾಡಬೇಕೆಂದು ಪ್ರಾರ್ಥನೆ.

ಗೌರವಾದರಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಪೋಷಣೆ ಕುರಿತು ಬರೆಯುವ ಒಬ್ಬ ಲೇಖಕ